ಗೃಹಾರೋಗ್ಯ: ಒಂದೇ ನೀರಿಗೆ ಎರಡು ಬಣ್ಣ

ನೀರನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡುವ ಪೆಟ್ಟಿಗೆಗಳು ಇತ್ತೀಚೆಗೆ ಹಳ್ಳಿಹಳ್ಳಿಗೂ ಬಂದಿವೆ. ನಾಲ್ಕಾರು ಔಷಧದ ಸೀಸೆಗಳು, ಗೆರೆ ಕೊರೆದ ಒಂದೆರಡು ಕೊಳವೆಗಳು, ಬಣ್ಣಗಳನ್ನು ಅಚ್ಚುಮಾಡಿದ ಒಂದು ಪಟ್ಟಿ, ಇಷ್ಟೇ ಅದರ ಸಂಸಾರ. ಕೊಳವೆಗೆ ನೀರು ಹಾಕಿ, ಔಷಧ ಬೆರೆಸಿ, ಮೂಡಿದ ಬಣ್ಣವನ್ನು ಪಟ್ಟಿಯ ಬಣ್ಣಗಳೊಡನೆ ಹೋಲಿಸಿದರೆ ನೀರಿನಲ್ಲಿ ಯಾವದು ಎಷ್ಟಿದೆಯೆಂಬದು ತಿಳಿಯುವದೆಂದು ಅದರೊಳಗಿನ ಚೀಟಿಯು ಹೇಳುತ್ತದೆ. ಮಾತು ಸುಳ್ಳಲ್ಲ. ಆದರೆ ಅದೇ ನೀರು ಮುಂಜಾನೆ ಒಂದು ಬಣ್ಣವನ್ನೂ ಸಂಜೆಗೆ ಮತ್ತೊಂದನ್ನೂ ತೋರಿಸಿದರೆ, ಅತ್ತೆಯ ಕೈಯಲ್ಲಿ ಒಂದು ಅಂಕೆಯೂ ಸೊಸೆಯ ಕೈಯಲ್ಲಿ ಇನ್ನೊಂದು ಅಂಕೆಯೂ ಬಂದರೆ, ಯಾವದನ್ನು ನಂಬತಕ್ಕದ್ದು? ಹಲವರು ಇಂಥ ಸಮಯದಲ್ಲಿ ಪೆಟ್ಟಿಗೆಯನ್ನೇ ಬಯ್ದು ಅಟ್ಟಕ್ಕೆ ಎಸೆದುಬಿಡುವರು. ಮತ್ತೆ ಕೆಲವರು ತಮ್ಮ ಮನಸ್ಸಿಗೆ ಒಪ್ಪುವ ಅಂಕೆಯನ್ನು ಹಿಡಿದುಕೊಂಡು ಉಳಿದುದನ್ನು ಮರೆತುಬಿಡುವರು. ಈ ಎರಡನೆಯ ದಾರಿಯು ಮೊದಲನೆಯದಕ್ಕಿಂತ ಕೆಟ್ಟದ್ದೆಂಬದನ್ನು ನಾವು ಕಳೆದ ಬೇಸಿಗೆಯಲ್ಲಿ ಒಂದು ಮನೆಯಲ್ಲಿ ಕಣ್ಣಾರೆ ಕಂಡೆವು.

ಆಗ ನಾವು ಮುಂಡರಗಿ ತಾಲೂಕಿನ ಹಮ್ಮಿಗಿಯ ಕಡೆಗೆ ಹೋಗಿದ್ದೆವು. ಸಿಂಗಟಾಲೂರು ಏತ ನೀರಾವರಿ ಯೋಜನೆಗಾಗಿ ತುಂಗಭದ್ರೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದ್ದು ಇಲ್ಲಿಯೇ. ಗದಗ-ಬೆಟಗೇರಿಯವರು ಕುಡಿಯುವ ನೀರು ಸಹ ಇಲ್ಲಿಂದಲೇ ಹೋಗುತ್ತದೆ. ಹೊಳೆಯ ದಂಡೆಯಿಂದ ತುಸು ಒಳಗೆ ಸರಿದರೆ ಸಾಕು, ನೆಲದ ಗುಣವೇ ಬೇರೆ. ಬೋರು ಕೊರೆಯಿಸಿದರೆ ನೀರೇನೋ ಬೀಳುವದುಂಟು; ಆದರೆ ಆ ನೀರಿನಲ್ಲಿ ಫ್ಲೋರೈಡೆಂಬ ಲವಣವು ಮಿತಿಮೀರಿದ ಊರುಗಳು ಈ ತಾಲೂಕಿನಲ್ಲಿ ಹಲವಿವೆ. ನಾವು ಇಳಿದುಕೊಂಡಿದ್ದ ಮನೆಯಲ್ಲಿ ಎರಡು ತರದ ನೀರಿದ್ದಿತು. ಬೀದಿಯ ನಳದಲ್ಲಿ ಹೊಳೆಯ ನೀರು, ಹಿತ್ತಲಿನಲ್ಲಿ ಬೋರಿನ ನೀರು. ಯಜಮಾನರ ಸೊಸೆಯು ಓದುಬರಹ ಬಲ್ಲ ಚುರುಕಾದ ಹೆಣ್ಣುಮಗಳು. ಪೇಟೆಯಿಂದ ಪೆಟ್ಟಿಗೆ ತರಿಸಿ ಎರಡು ನೀರನ್ನೂ ಪರೀಕ್ಷಿಸಿದ್ದಳು. ನಳದ ನೀರಿನಲ್ಲಿ ಫ್ಲೋರೈಡು ಲೀಟರಿಗೆ ೧.೫ ಮಿಲಿಗ್ರಾಂ, ಬೋರಿನದರಲ್ಲಿ ೧ ಮಿಲಿಗ್ರಾಂ ಎಂದು ಬಂದಿತ್ತು. ಮರುವಾರ ನೋಡಿದರೆ ಅದೇ ನಳದ ನೀರಿಗೆ ಅರ್ಧ ಮಿಲಿಗ್ರಾಮೂ ಬರಲಿಲ್ಲ.

“ಒಮ್ಮೆ ಹಂಗ ತೋರಿಸ್ತೈತ್ರಿ, ಒಮ್ಮೆ ಹಿಂಗ ತೋರಿಸ್ತೈತ್ರಿ. ಯಾವುದನ್ನ ನಂಬೂದು ನೀವ ಹೇಳ್ರಿ” ಎಂದು ಆಕೆಯು ನಮ್ಮನ್ನು ಕೇಳಿದಳು.

ಅತ್ತೆಯವರು ಮಾತ್ರ ಆಗಲೇ ತೀರ್ಮಾನ ಮಾಡಿದ್ದರು. “ಬೋರಿನ ನೀರಿನಾಗ ಬ್ಯಾಳಿ ಚಲೋ ಬೇಯ್ತೈತಿ, ರುಚೀನೂ ಐತಿ. ಅದರಾಗ ಕಡಿಮಿ ಬಂದೈತಿ ಅಂದಮ್ಯಾಲೆ ಮತ್ತೇನ್ ನೋಡೂದು, ತಂಗೀ?” ಎಂದರು. ಹೀಗಾಗಿ ನಾಲ್ಕು ವರ್ಷದ ಮೊಮ್ಮಗಳು ಮೂರು ತಿಂಗಳಿಂದ ಬೋರಿನ ನೀರನ್ನೇ ಕುಡಿಯುತ್ತಿದ್ದಳು.

ಇದರಲ್ಲಿ ಏನು ಕೆಟ್ಟೀತೆಂಬದನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗದು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಗ್ರಾನೈಟು ಮೊದಲಾದ ಗಟ್ಟಿಕಲ್ಲುಗಳಲ್ಲಿ ಅಡಗಿರುವ ಖನಿಜಗಳಿಂದ ಅದು ನೆಲದ ನೀರಿಗೆ ಇಳಿಯುತ್ತದೆ. ಸುಣ್ಣದಂಶ ಕಡಿಮೆಯಿರುವ ಮೆದುನೀರಿನಲ್ಲಿ ಅದು ಹೆಚ್ಚು ಕರಗುವದು. ಬೇಳೆಯು ಬೇಗ ಬೇಯುವದೂ ಇಂಥ ಮೆದುನೀರಿನಲ್ಲಿಯೇ. ಅತ್ತೆಯವರು ಗುಣವೆಂದು ಹೊಗಳಿದ್ದೇ ಅನುಮಾನಕ್ಕೆ ಕಾರಣವಾಗಬೇಕಾದ ಚಿಹ್ನೆಯಾಗಿತ್ತು! ೧೯೩೭ರಲ್ಲಿ ಆಗಿನ ಮದ್ರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಶಾರ್ಟ್ ಎಂಬ ವೈದ್ಯರೂ ಅವರ ಸಂಗಡಿಗರೂ ಬೆನ್ನು ಬಗ್ಗದ, ಕೀಲುಗಳು ಸೆಟೆದ ಹಳ್ಳಿಗರನ್ನು ಕಂಡು, ಇದು ಬಾವಿಯ ನೀರಿನ ಫ್ಲೋರೈಡಿನ ಫಲವೆಂದು ತೋರಿಸಿಕೊಟ್ಟರು. ದೊಡ್ಡವರಿಗೆ ಹೀಗಾಗಲು ಬಹು ವರ್ಷಗಳು ಬೇಕು. ಮಕ್ಕಳ ಮಾತು ಬೇರೆ. ಶಾಶ್ವತವಾದ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವದು ಸುಮಾರು ಎಂಟನೆಯ ವರ್ಷದವರೆಗೆ. ಆ ಕಾಲದಲ್ಲಿ ಕುಡಿದ ಫ್ಲೋರೈಡು ಹಲ್ಲಿನ ಹೊಳಪಿನೊಳಗೇ ಸೇರಿ, ಅವು ಹುಟ್ಟುವಾಗಲೇ ಸುಣ್ಣದಂಥ ಬಿಳಿಯ ಕಲೆ ಹೊತ್ತು ಬರುವವು; ಹೆಚ್ಚಾದರೆ ಮುಂದೆ ಕಂದು ಪಟ್ಟೆಯೂ ಮೂಡುವದು. ಎಷ್ಟು ಉಜ್ಜಿದರೂ ಅದು ಹೋಗತಕ್ಕದ್ದಲ್ಲ. ಭಾರತೀಯ ಮಾನಕ ಬ್ಯೂರೋದವರು ೨೦೧೨ರಲ್ಲಿ ಗೊತ್ತುಪಡಿಸಿದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ ೧ ಮಿಲಿಗ್ರಾಮಿನೊಳಗೆ ಇರತಕ್ಕದ್ದು. ಬೇರೆ ನೀರೇ ಇಲ್ಲದಲ್ಲಿ ೧.೫ರವರೆಗೆ ನಡೆಯಬಹುದು. ಒಂದಕ್ಕೂ ಒಂದೂವರೆಗೂ ನಡುವಣ ಅಂತರವು ಕೊಳವೆಯಲ್ಲಿ ಕಾಣುವದು ಗುಲಾಬಿಯಿಂದ ಹಳದಿಗೆ ತಿರುಗುವ ಬಣ್ಣದ ಒಂದು ತೆಳುವಾದ ಛಾಯೆಯಲ್ಲಿ ಮಾತ್ರ. ಕೈ ತುಸು ತಪ್ಪಿದರೆ ಮಗುವಿನ ಹಲ್ಲು ಹೋಯಿತು.

ನಾವು ಆಕೆಗೆ, “ತಂಗೀ, ನೀನು ಹೇಗೆ ಮಾಡಿದೆಯೋ ಹಾಗೆಯೇ ನಮ್ಮೆದುರಿಗೆ ಒಮ್ಮೆ ಮಾಡಿ ತೋರಿಸವ್ವಾ” ಎಂದೆವು. ಮಾಡಿ ತೋರಿಸಿದಳು. ಅರ್ಧ ತಾಸಿನೊಳಗೆ ಒಂದಲ್ಲ, ನಾಲ್ಕು ಕಾರಣಗಳು ಹೊರಬಿದ್ದವು.

ನಳದ ನೀರಿನ ಕಾರಣವು ಎಲ್ಲಕ್ಕೂ ಸ್ವಾರಸ್ಯವಾದದ್ದು. ಈ ಪೆಟ್ಟಿಗೆಯ ಔಷಧದಲ್ಲಿ ಜಿರ್ಕೋನಿಯಮೆಂಬ ಲೋಹವು ಒಂದು ಬಣ್ಣವನ್ನು ಹಿಡಿದುಕೊಂಡಿರುತ್ತದೆ. ಫ್ಲೋರೈಡು ಬಂದರೆ ಲೋಹವು ಬಣ್ಣವನ್ನು ಬಿಟ್ಟು ಅದನ್ನು ಹಿಡಿಯುವದು. ಗುಲಾಬಿಯು ಕಳೆಗುಂದಿ ಹಳದಿಯಾಗುವದು. ಎಂದರೆ ಇಲ್ಲಿ ಬಣ್ಣ ಕೆಟ್ಟಷ್ಟೂ ಫ್ಲೋರೈಡು ಹೆಚ್ಚೆಂದು ಲೆಕ್ಕ. ಆದರೆ ಬಣ್ಣವನ್ನು ಕೆಡಿಸಬಲ್ಲ ಮತ್ತೊಬ್ಬನು ನಳದ ನೀರಿನಲ್ಲಿದ್ದಾನಲ್ಲ! ರೋಗಕ್ರಿಮಿಗಳ ನಾಶಕ್ಕೆಂದು ಶುದ್ಧೀಕರಣದಲ್ಲಿ ಬೆರೆಸುವ ಕ್ಲೋರಿನ್ನು ಬಟ್ಟೆಯ ಬಣ್ಣವನ್ನು ಬಿಳಿಚಿಸುವಂತೆಯೇ ಈ ಔಷಧದ ಬಣ್ಣವನ್ನೂ ಬಿಳಿಚಿಸುತ್ತದೆ. ಮುಂಜಾನೆ ನಳ ಬಿಟ್ಟ ಕೂಡಲೇ ಹಿಡಿದ ನೀರಿನಲ್ಲಿ ಕ್ಲೋರಿನ್ನು ಜೀವಂತವಾಗಿದ್ದು, ಇಲ್ಲದ ಫ್ಲೋರೈಡನ್ನು ಇದ್ದಂತೆ ತೋರಿಸಿತು. ಮರುವಾರ ಆಕೆಯು ಹಿಂದಿನ ದಿನ ತುಂಬಿಟ್ಟ ತೆರೆದ ಹರಿವಿಯಿಂದ ನೀರು ತೆಗೆದಿದ್ದಳು. ಅಷ್ಟರೊಳಗೆ ಕ್ಲೋರಿನ್ನು ಹಾರಿಹೋಗಿದ್ದರಿಂದ ನಿಜವಾದ ಅಂಕೆಯು ಬಂದಿತ್ತು. ನೀರು ಬದಲಾಗಿರಲಿಲ್ಲ, ಅದು ಇದ್ದ ಹೊತ್ತು ಬದಲಾಗಿತ್ತು.

ಇದಕ್ಕೆ ಉಪಾಯವು ಪೆಟ್ಟಿಗೆಯೊಳಗೇ ಇರುವದು. ಮೊದಲು ಕ್ಲೋರಿನ್ನಿನ ಪರೀಕ್ಷೆ ಮಾಡತಕ್ಕದ್ದು. ಬಣ್ಣ ಮೂಡಿದರೆ ಆ ನೀರನ್ನು ಅಗಲಬಾಯಿಯ ಪಾತ್ರೆಯಲ್ಲಿ ಹಾಕಿ ಬಿಸಿಲಿಗಿಟ್ಟು, ಕೆಲವು ತಾಸುಗಳ ತರುವಾಯ ಮತ್ತೆ ನೋಡತಕ್ಕದ್ದು. ಕ್ಲೋರಿನ್ನಿನ ಬಣ್ಣವು ಪೂರ್ತಿ ನಿಂತ ಮೇಲೆಯೇ ಫ್ಲೋರೈಡಿನ ಪರೀಕ್ಷೆಗೆ ಕೈಹಾಕತಕ್ಕದ್ದು. ಬಹುಹೊತ್ತು ಬಿಸಿಲಿನಲ್ಲಿಟ್ಟು ನೀರು ಆರಿ ಕಡಿಮೆಯಾಗದಂತೆ ನೋಡಬೇಕು. ನೀರು ಇಂಗಿದರೆ ಲವಣವು ಹೆಚ್ಚಾಗುವದು. ನೀರನ್ನು ಕುದಿಸಿದರೆ ಫ್ಲೋರೈಡು ಹೋಗುವದೆಂಬ ನಂಬಿಗೆಯು ತಪ್ಪಾದದ್ದೂ ಇದೇ ಕಾರಣದಿಂದ.

ಮಳೆಗಾಲದಲ್ಲಿ ಇದರ ಉಲ್ಟಾ ತಪ್ಪು ಸಂಭವಿಸುವದು. ಹೊಳೆಯ ನೀರು ಕೆಂಪಾಗಿ ಬಂದಾಗ ಹೆಂಗಸರು ಪಟಿಕದ ಹರಳನ್ನು ನೀರಿನಲ್ಲಿ ತಿರುವಿ ಕೆಸರು ಇಳಿಸುವ ರೂಢಿಯುಂಟು. ಪಟಿಕದಲ್ಲಿರುವ ಅಲ್ಯುಮಿನಿಯಮು ಫ್ಲೋರೈಡನ್ನು ತಾನೇ ಬಿಗಿದಪ್ಪಿಕೊಂಡು ಔಷಧಕ್ಕೆ ಸಿಗಗೊಡುವದಿಲ್ಲ. ಪರೀಕ್ಷೆಯಲ್ಲಿ ಅಂಕೆಯು ಕಡಿಮೆ ಬರುವದು. ಆದಕಾರಣ ಪಟಿಕ ತಿರುವಿದ ನೀರನ್ನು ಈ ಪೆಟ್ಟಿಗೆಯಿಂದ ಪರೀಕ್ಷಿಸಲೇಬಾರದು.

ಬೋರಿನ ನೀರಿಗೆ ಕಡಿಮೆ ಬಂದದ್ದೇಕೆ? ಅದನ್ನು ಆಕೆಯು ಸಂಜೆ ಅಡಿಗೆಯ ಗಡಿಬಿಡಿಯಲ್ಲಿ ಮಾಡಿದ್ದಳು. ಚೀಟಿಯಲ್ಲಿ ಇಷ್ಟು ನಿಮಿಷ ಕಾಯಬೇಕೆಂದು ಬರೆದಿದ್ದರೂ ಔಷಧ ಹಾಕಿದ ಕೂಡಲೇ ಬಣ್ಣ ನೋಡಿದ್ದಳು. ಲೋಹವು ಬಣ್ಣವನ್ನು ಬಿಡುವದಕ್ಕೆ ಅವಕಾಶ ಬೇಡವೇ? ಎರಡನೆಯದಾಗಿ, ಕೊಳವೆಯನ್ನು ಓರೆಯಾಗಿ ಹಿಡಿದು ಗೆರೆಗೆ ನೀರು ಮುಟ್ಟಿತೆಂದು ತಿಳಿದಿದ್ದಳು. ನೆಟ್ಟಗೆ ಹಿಡಿದರೆ ನೀರು ಗೆರೆಗಿಂತ ಕೆಳಗೆ ನಿಂತಿತ್ತು. ನೀರು ಕಡಿಮೆಯಾದಷ್ಟು ಅದರೊಳಗಿನ ಫ್ಲೋರೈಡೂ ಕಡಿಮೆ, ಔಷಧ ಮಾತ್ರ ಪೂರ್ತಿ. ಇನ್ನು ನಾಲ್ಕನೆಯದು ದೀಪದ ಕಾರಣ. ಹಳದಿ ಬೆಳಕಿನ ದೀಪದ ಕೆಳಗೆ ಗುಲಾಬಿಗೂ ಹಳದಿಗೂ ನಡುವಣ ಛಾಯೆಯನ್ನು ಗುರುತಿಸುವದು ಅಕ್ಕಸಾಲಿಗನಿಗೂ ಕಷ್ಟ.

ಇಷ್ಟಾದ ಮೇಲೆ ನಾವು ಮೂವರೂ ಕೂಡಿ ಮತ್ತೊಮ್ಮೆ ಮಾಡಿದೆವು. ಈ ಸಲ ಮಾಡಿದ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು. ಏಕೆಂದರೆ ನೀರು ಯಾವದೇ ಇರಲಿ, ಪೆಟ್ಟಿಗೆ ಯಾವದೇ ಇರಲಿ, ಅಂಕೆಯು ನಿಲ್ಲುವದು ಇಂಥ ಸಣ್ಣ ಕೆಲಸಗಳ ಮೇಲೆಯೇ.

ಬೋರನ್ನು ಹಚ್ಚಿ ಐದು-ಹತ್ತು ನಿಮಿಷ ನೀರು ಹೊರಗೆ ಹರಿಯಗೊಟ್ಟೆವು. ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರು ಬೋರಿನ ನೀರಲ್ಲ. ಹೊಸದಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ ಚೆಲ್ಲಿ, ನಾಲ್ಕನೆಯ ಸಲ ತುಂಬಿದೆವು. ಪರೀಕ್ಷೆಯ ಕೊಳವೆಗೂ ಹಾಗೆಯೇ. ಸಾಬೂನು, ಬೂದಿ, ಪಾತ್ರೆ ತಿಕ್ಕುವ ಪುಡಿ ಯಾವದೂ ಕೊಳವೆಯ ಸಮೀಪ ಸುಳಿಯಕೂಡದು. ಅಲುಗಿಸುವಾಗ ಬಾಯಿಗೆ ಹೆಬ್ಬೆರಳು ಒತ್ತುವದು ಹಲವರ ಅಭ್ಯಾಸ. ಬೆರಳಿನಲ್ಲಿ ಬೆವರಿದೆ, ಉಪ್ಪಿದೆ, ಹಿಂದಿನ ಪರೀಕ್ಷೆಯ ಔಷಧವೂ ಇರಬಹುದು. ಅದಕ್ಕಾಗಿ ಮುಚ್ಚಳವಿದೆಯಷ್ಟೆ. ಕೊಳವೆಯನ್ನು ಸಮನಾದ ಹಲಗೆಯ ಮೇಲಿಟ್ಟು, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡಿದೆವು. ಕೊಳವೆಯಲ್ಲಿ ನೀರಿನ ಮೈ ಬಟ್ಟಲಿನಂತೆ ಒಳಗೆ ತಗ್ಗಾಗಿರುವದು. ಆ ತಗ್ಗಿನ ತಳವು ಗೆರೆಗೆ ತಾಗಬೇಕು. ಔಷಧದ ಸೀಸೆಯನ್ನು ಬುಡ ಮೇಲಾಗಿ ನೆಟ್ಟಗೆ ಹಿಡಿದು ಹನಿ ಬಿಡಬೇಕು. ಓರೆಯಾದರೆ ಹನಿಯ ಗಾತ್ರವೇ ಬದಲಾಗುವದು. ಆ ಬಳಿಕ ಗಡಿಯಾರ. ಅಂದಾಜಿನ ನಿಮಿಷಗಳು ಮಾತಿಗೆ ಸರಿ, ಪರೀಕ್ಷೆಗಲ್ಲ. ಕೊನೆಗೆ ಬಡಗು ದಿಕ್ಕಿನ ಪಡಸಾಲೆಯಲ್ಲಿ, ನೇರ ಬಿಸಿಲಿಲ್ಲದ ಹಗಲಿನ ಬೆಳಕಿನಲ್ಲಿ, ಕೊಳವೆಯ ಹಿಂದೆ ಬಿಳಿಯ ಕಾಗದ ಹಿಡಿದು ಬಣ್ಣ ನೋಡಿದೆವು.

ನೋಡುವಾಗಲೂ ಒಂದು ಉಪಾಯ ಮಾಡಿದೆವು. ಒಬ್ಬರು ಕಂಡ ಅಂಕೆಯನ್ನು ಬಾಯಿಬಿಟ್ಟು ಹೇಳಕೂಡದು. ಮೂವರೂ ಬೇರೆಬೇರೆ ಚೀಟಿಗಳಲ್ಲಿ ಬರೆದಿಟ್ಟು ಆಮೇಲೆ ಕೂಡಿಸಿ ನೋಡತಕ್ಕದ್ದು. ಮನೆಯಲ್ಲಿ ಹಿರಿಯರು ‘ಒಂದು’ ಎಂದರೆ ಕಿರಿಯರ ಕಣ್ಣಿಗೂ ಒಂದೇ ಕಾಣುವದು ನಮ್ಮ ಕಡೆಯ ಮರ್ಯಾದೆ! ಬಣ್ಣದ ಪಟ್ಟಿಗೆ ಆ ಮರ್ಯಾದೆ ತಿಳಿಯದು. ಅತ್ತೆಯವರು ಚಾಳೀಸು ಹಾಕಿಕೊಂಡು ತಮ್ಮ ಚೀಟಿಯಲ್ಲಿ ಬರೆದ ಅಂಕೆಯೂ ಸೊಸೆಯ ಅಂಕೆಯೂ ಒಂದೇ ಆಗಿದ್ದವು; ಬೋರಿನ ನೀರು ಪಟ್ಟಿಯ ಕಡೆಯ ಹಳದಿಯವರೆಗೂ ಹೋಗಿತ್ತು.

ಕಡೆಯ ಬಣ್ಣಕ್ಕೆ ಹೋದ ಅಂಕೆಯನ್ನು ಅಂಕೆಯೆಂದು ತಿಳಿಯಬಾರದು. ಅದು ‘ಇಷ್ಟು’ ಎಂದು ಹೇಳುವದಿಲ್ಲ, ‘ಇಷ್ಟಕ್ಕೆ ಕಡಿಮೆಯಲ್ಲ’ ಎಂದಷ್ಟೇ ಹೇಳುವದು. ಆಗ ಬ್ಯಾಟರಿಗೆ ಹಾಕಲು ಅಂಗಡಿಯಲ್ಲಿ ಮಾರುವ ಭಟ್ಟಿಯಿಳಿಸಿದ ನೀರನ್ನು ತಂದು, ಅದರ ಒಂದು ಪಾಲಿಗೆ ಬೋರಿನ ನೀರು ಒಂದು ಪಾಲು ಬೆರೆಸಿ ಪರೀಕ್ಷಿಸಿದೆವು. ಬಂದದ್ದನ್ನು ಇಮ್ಮಡಿ ಮಾಡಿದರೆ ಮೂಲ ನೀರಿನ ಲೆಕ್ಕ ಸಿಗುವದು. ಹೀಗೆ ಮಾಡಿದಾಗ ಬೋರಿನ ನೀರು ೨ ಮಿಲಿಗ್ರಾಮಿಗೂ ಮೇಲೆ ನಿಂತಿತು. ಕ್ಲೋರಿನ್ನು ಕಳೆದ ನಳದ ನೀರು ಮೂರು ಸಲವೂ ಅರ್ಧ ಮಿಲಿಗ್ರಾಮಿನ ಒಳಗೇ ಬಂದಿತು. ಭಟ್ಟಿಯ ನೀರನ್ನು ಬೇರೆಯಾಗಿಯೂ ಒಮ್ಮೆ ಪರೀಕ್ಷಿಸಿ ನೋಡುವದು ಒಳ್ಳೆಯದು. ಅದಕ್ಕೆ ಏನೂ ಬರಕೂಡದು. ಬಂದರೆ ಔಷಧವು ಕೆಟ್ಟಿದೆಯೆಂದೋ ಕೊಳವೆಯು ಹೊಲಸಾಗಿದೆಯೆಂದೋ ತಿಳಿಯತಕ್ಕದ್ದು. ಔಷಧಗಳಿಗೂ ಆಯುಷ್ಯವುಂಟು. ಒಲೆಯ ಪಕ್ಕದ ಗೂಡಿನಲ್ಲಿ, ಬಿಸಿಲು ಬೀಳುವ ಕಿಡಕಿಯಲ್ಲಿ ಇಟ್ಟರೆ ಅವು ಚೀಟಿಯಲ್ಲಿಯ ತಾರೀಖಿಗಿಂತ ಮೊದಲೇ ಸಾಯುವವು. ಸೀಸೆ ಒಡೆದ ದಿನವನ್ನು ಅದರ ಮೈಮೇಲೆಯೇ ಬರೆದಿಡಬೇಕು. ಮಕ್ಕಳ ಕೈಗೆ ಅವು ಸಿಗಬಾರದೆಂಬದನ್ನು ಬೇರೆ ಹೇಳಬೇಕಾಗಿಲ್ಲ. ಪರೀಕ್ಷಿಸಿದ ನೀರನ್ನು ಕುಡಿಯುವ ನೀರಿಗೆ ತಿರುಗಿ ಸುರಿಯಲೂ ಕೂಡದು.

ಕ್ಲೋರಿನ್ನಿನ ಪರೀಕ್ಷೆಯ ಬಗೆಗೂ ಎರಡು ಮಾತು ಹೇಳಬೇಕು. ನಳದ ನೀರಿನಲ್ಲಿ ಅದು ಲೀಟರಿಗೆ ೦.೨ ಮಿಲಿಗ್ರಾಮಾದರೂ ಉಳಿದಿರಬೇಕೆಂದು ನಿಯಮ. ಫ್ಲೋರೈಡಿನ ನೀರನ್ನು ಬಾಟಲಿಯಲ್ಲಿ ನಾಲ್ಕು ದಿನ ಇಟ್ಟರೂ ನಡೆಯುವದು; ಕ್ಲೋರಿನ್ನಿನದು ಹಾಗಲ್ಲ. ನಳದ ಬುಡದಲ್ಲಿಯೇ ನಿಂತು ನೋಡತಕ್ಕದ್ದು, ಇಲ್ಲವಾದರೆ ಮನೆಯೊಳಗೆ ತರುವಷ್ಟರಲ್ಲಿ ಅಂಕೆ ಇಳಿಯುವದು. ಗುಲಾಬಿ ಬಣ್ಣ ಬರುವ ಗುಳಿಗೆಯ ಪರೀಕ್ಷೆಯಲ್ಲಿ ಒಂದು ನಿಮಿಷದೊಳಗೆ ಬಣ್ಣ ಓದಬೇಕು. ತಡಮಾಡಿದರೆ ಬೇರೆ ಪದಾರ್ಥಗಳೊಡನೆ ಕೂಡಿಕೊಂಡ ಕ್ಲೋರಿನ್ನೂ ಮೆಲ್ಲಮೆಲ್ಲನೆ ಬಣ್ಣ ಕೊಟ್ಟು ಅಂಕೆಯನ್ನು ಏರಿಸುವದು. ಒಂದು ಪರೀಕ್ಷೆಯಲ್ಲಿ ಕಾಯದಿರುವದು ತಪ್ಪು, ಮತ್ತೊಂದರಲ್ಲಿ ಕಾಯುವದೇ ತಪ್ಪು! ಚೀಟಿಯನ್ನು ಪ್ರತಿಸಲವೂ ಓದಬೇಕೆಂಬದು ಇದಕ್ಕಾಗಿಯೇ.

ಮನೆಯ ಟಾಕಿಗೆ ಬ್ಲೀಚಿಂಗ್ ಪುಡಿ ಹಾಕುವವರೂ, ಪಟ್ಟಣಗಳಲ್ಲಿ ಅಂಗಳದಲ್ಲಿಯೇ ಈಜುಕೊಳ ಕಟ್ಟಿಸಿಕೊಂಡ ಶ್ರೀಮಂತರೂ ಇನ್ನೊಂದನ್ನು ನೆನಪಿಡಬೇಕು. ಕ್ಲೋರಿನ್ನು ಬಹಳವಾದರೆ ಈ ಗುಲಾಬಿ ಬಣ್ಣವು ಮೂಡಿದ ಕ್ಷಣದಲ್ಲಿಯೇ ಬಿಳಿಚಿ ನೀರು ತಿಳಿಯಾಗಿ ಕಾಣುವದು. ಕ್ಲೋರಿನ್ನೇ ಇಲ್ಲವೆಂದು ಬಗೆದು ಮತ್ತಷ್ಟು ಪುಡಿ ಸುರಿದು, ಮಕ್ಕಳ ಕಣ್ಣು ಕೆಂಪಾಗಿಸಿದವರನ್ನು ನಾವು ಬಲ್ಲೆವು. ಸಂಶಯ ಬಂದರೆ ಮೇಲೆ ಹೇಳಿದಂತೆ ನೀರು ಬೆರೆಸಿ ತೆಳುಮಾಡಿ ನೋಡತಕ್ಕದ್ದು. ಕೊಳದ ನೀರನ್ನು ಮೇಲಿಂದ ಬೊಗಸೆಯಲ್ಲಿ ತೆಗೆಯದೆ, ನೀರು ಒಳಬರುವ ಬಾಯಿಯಿಂದ ದೂರದಲ್ಲಿ ಮೊಳದಷ್ಟು ಆಳದಿಂದ ತೆಗೆದರೆ ದಿನದಿನದ ಅಂಕೆಗಳು ಒಂದಕ್ಕೊಂದು ಹೊಂದುವವು.

ಈಗ ಎಲ್ಲ ಕಡೆಗೂ ಪೆನ್ನಿನಂಥ ಒಂದು ಯಂತ್ರವು ಮೆರೆಯುತ್ತಿದೆ. ನೀರಿನಲ್ಲಿ ಅದ್ದಿದರೆ ಅಂಕೆ ಮೂಡುವದು, ಟಿಡಿಎಸ್ ಎನ್ನುವರು. ನೀರು ಸೋಸುವ ಯಂತ್ರ ಮಾರುವವರು ಇದನ್ನು ಜೇಬಿನಲ್ಲಿಟ್ಟುಕೊಂಡೇ ಬರುವರು. ಅದು ನೀರು ವಿದ್ಯುತ್ತನ್ನು ಎಷ್ಟು ಹರಿಯಗೊಡುತ್ತದೆಂಬದನ್ನು ಅಳೆದು, ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜು ಮಾಡುವ ಸಾಧನ. ಆ ಮೊತ್ತ ೫೦೦ ಇದ್ದರೆ ಅದರಲ್ಲಿ ಫ್ಲೋರೈಡು ಒಂದೋ ಎರಡೋ ಎಂಬದು ಅದಕ್ಕೆ ಹೇಗೆ ತಿಳಿದೀತು? ಸಂತೆಯಲ್ಲಿ ಸಾವಿರ ಜನ ಕೂಡಿದ್ದಾರೆಂದು ಎಣಿಸಿದವನಿಗೆ ಅವರಲ್ಲಿ ಕಿಸೆಗಳ್ಳನಿದ್ದಾನೋ ಇಲ್ಲವೋ ಗೊತ್ತಾಗದು. ಪೆನ್ನನ್ನು ನೋಡಿ ಫ್ಲೋರೈಡಿನ ವಿಷಯದಲ್ಲಿ ನಿಶ್ಚಿಂತರಾದವರು ಮೋಸಹೋದರೆಂದೇ ಹೇಳಬೇಕು.

ಮನೆಯ ಪೆಟ್ಟಿಗೆಗೂ ಒಂದು ಮೇರೆಯಿದೆ. ಅಂಕೆಯು ಒಂದು, ಒಂದೂವರೆಗಳ ಆಸುಪಾಸಿನಲ್ಲಿ ತೂಗಾಡುತ್ತಿದ್ದರೆ ಕಣ್ಣಿನಿಂದ ತೀರ್ಪು ಹೇಳಲಾಗದು. ಆಗ ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಬಾಟಲಿಯನ್ನು ಕಳಿಸತಕ್ಕದ್ದು. ಅಲ್ಲಿ ಫ್ಲೋರೈಡಿಗೆಂದೇ ಮಾಡಿದ ವಿದ್ಯುತ್ ಸಾಧನವನ್ನು ಉಪಯೋಗಿಸುವಾಗ, ಅಲ್ಯುಮಿನಿಯಮು ಬಿಗಿದಪ್ಪಿದ ಫ್ಲೋರೈಡನ್ನು ಬಿಡಿಸುವ ದ್ರಾವಣವನ್ನು ಮೊದಲು ಬೆರೆಸಿಕೊಳ್ಳುವರು. ೨೦೧೯ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನ ಪ್ರಕಾರ ಹಳ್ಳಿಗೆ ಐವರು ಹೆಂಗಸರಿಗೆ ಇಂಥ ಪೆಟ್ಟಿಗೆಯ ಬಳಕೆಯನ್ನು ಕಲಿಸುವ ಏರ್ಪಾಡೂ ಇದೆ. ಅವರಲ್ಲೊಬ್ಬರ ಎದುರಿಗೆ ಒಂದು ಸಲ ಮಾಡಿ ತೋರಿಸಿದರೆ ನಮ್ಮ ಕೈಯ ತಪ್ಪು ನಮಗೆ ತಿಳಿಯುವದು.

ಬಾಟಲಿಯ ಮೇಲೆ ಊರು, ನೀರಿನ ಮೂಲ, ತಾರೀಖು, ವೇಳೆ ಬರೆದು ಯಜಮಾನರು ಮರುದಿನವೇ ಗದಗಿಗೆ ಒಯ್ದರು. ಹದಿನೈದು ದಿನಗಳ ತರುವಾಯ ಅವರ ಸೊಸೆಯಿಂದ ನಮಗೆ ಪತ್ರ ಬಂದಿತು. ಪ್ರಯೋಗಾಲಯದ ಅಂಕೆಯು ನಾವು ಪಡಸಾಲೆಯಲ್ಲಿ ಕಂಡದ್ದಕ್ಕೆ ಬಹು ಸಮೀಪವಿತ್ತಂತೆ. ಬೋರಿನ ನೀರನ್ನು ಈಗ ಬಟ್ಟೆ-ಪಾತ್ರೆಗಳಿಗೆ ಮಾತ್ರ ಬಳಸುತ್ತಾರೆ. ಮಗುವಿಗೂ ಅಡಿಗೆಗೂ ಹೊಳೆಯ ನೀರು. ಬೇಳೆಯು ಮೊದಲಿನಷ್ಟು ಚೆನ್ನಾಗಿ ಬೇಯುವದಿಲ್ಲವೆಂದು ಅತ್ತೆಯವರು ಇನ್ನೂ ಗೊಣಗುತ್ತಾರಂತೆ. ಆದರೆ ನಳ ಬರದ ದಿನಗಳಿಗಾಗಿ ಎರಡು ದೊಡ್ಡ ಹರಿವಿಗಳನ್ನು ಕೊಂಡು ತಂದವರೂ ಅವರೇ. ಪರೀಕ್ಷೆಯ ವಹಿಯನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದಾರೆ. ತಾರೀಖು, ವೇಳೆ, ಯಾವ ನೀರು, ಯಾರು ನೋಡಿದರು, ಎಷ್ಟು ಬಂತು ಎಂದು ಐದು ಸಾಲುಗಳನ್ನು ಗೆರೆ ಹೊಡೆದು ಮಾಡಿದ್ದಾರೆ. ಮುಂದಿನ ಪರೀಕ್ಷೆಯನ್ನು ಹೊಳೆಗೆ ಹೊಸ ನೀರು ಬಂದ ವಾರದಲ್ಲಿ ಮಾಡುವವರಿದ್ದಾರೆ. ಆವರೆಗೆ ಪಟಿಕದ ಹರಳನ್ನು ಎಲ್ಲಿ ಅಡಗಿಸಿಡಬೇಕೆಂಬದೇ ಆಕೆಗೆ ಈಗಿನ ಚಿಂತೆಯಂತೆ.